ಘಾಟ್ ಚೀಟಿಯ ಎರಡನೇ ಸಹಿ

ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರೆಲ್ಲ ನನಗೆ ಫೋನ್ ಮಾಡಿ ಇದೊಂದೇ ಪ್ರಶ್ನೆ ಕೇಳುತ್ತಾರೆ: ಘಾಟ್ ಚೀಟಿಯ ಕೆಳಗೆ ಎರಡು ಸಹಿ ಯಾಕೆ, ಒಂದು ಸಾಲದೆ? ಈಗ ಆಫೀಸು ನಡೆಸುವವಳು ಶ್ರಾಬಣಿ, ಅವಳನ್ನೇ ಕೇಳಿ ಎಂದು ನಾನು ಜಾರಿಕೊಳ್ಳುತ್ತೇನೆ. ಅವಳು ಅವರನ್ನು ತಿರುಗಿ ನನ್ನ ಹತ್ತಿರವೇ ಅಟ್ಟುತ್ತಾಳೆ. ಸಾಕಾಯಿತು. ನಿವೃತ್ತಿಯಾಗಿ ಎರಡನೇ ವರ್ಷ ನಡೆಯುತ್ತಿದೆ, ಒಮ್ಮೆ ಬರೆದು ಮುಗಿಸೋಣ ಎಂದು ಕೂತಿದ್ದೇನೆ. ನಾನು ಕನ್ನಡದಲ್ಲಿ ಬರೆದು ಓದಿ ಹೇಳುತ್ತೇನೆ, ಮಗಳು ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅವರಿಗೆ ಕಳಿಸುತ್ತಾಳೆ. ಇಂಥದನ್ನು ಹೇಳಿಕೊಳ್ಳಲು ನನಗೆ ನನ್ನ ಭಾಷೆಯೇ ಆಗಬೇಕು. ಏಕೆಂದರೆ ಇದರಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಕಡಿಮೆ.

ನನ್ನ ಹೆಸರು ಸುಮತಿ. ತವರು ಕುಂದಾಪುರದ ಪಕ್ಕದ ಕೋಡಿ. ಅಜ್ಜ ದೋಣಿ ನಡೆಸುತ್ತಿದ್ದ ಮೀನುಗಾರ. ನಮ್ಮವರದು ಬ್ಯಾಂಕ್ ಕೆಲಸ. ಅವರ ವರ್ಗಾವಣೆಯ ಹಿಂದೆ ಕೋಲ್ಕತ್ತಾಕ್ಕೆ ಬಂದವಳು ಇಲ್ಲೇ ಉಳಿದೆ. ಬಾಲಿಗಂಜ್‌ನ ನಮ್ಮ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಬರುಣ್‌ದಾ ಎಂಬವರ ಆಫೀಸಿತ್ತು. ಈ ಊರಿಗೆ ಗಾಳದ ಹುಚ್ಚು. ಭಾನುವಾರ ಬಂತೆಂದರೆ ದೊಡ್ಡ ದೊಡ್ಡ ಹುದ್ದೆಯ ಗಂಡಸರು ಕೊಡೆ, ಡಬ್ಬಿ ಹಿಡಿದು ಕೆರೆಯ ದಂಡೆಯಲ್ಲಿ ಕೂತುಬಿಡುತ್ತಾರೆ. ಬರುಣ್‌ದಾ ಅಂಥವರನ್ನು ಕೆರೆಯಿಂದ ಎಬ್ಬಿಸಿ ಸಮುದ್ರಕ್ಕೆ ಕರೆದೊಯ್ಯುವ ಕೆಲಸ ಶುರು ಮಾಡಿದ್ದರು. ಅವರದೇ ಖಾಸಗಿ ದೋಣಿ. ನಾಮಖಾನಾ ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಒಂದು ಘಾಟ್, ಅಂದರೆ ದೋಣಿ ಹತ್ತುವ ಕಟ್ಟೆ. ಅಲ್ಲಿಂದ ತೆರೆದ ಸಮುದ್ರದಲ್ಲಿ ಎರಡು ಗಂಟೆ ಹೋದರೆ ಒಂದು ಮರಳ ದ್ವೀಪ. ಅದಕ್ಕೆ ನಾವು ಗಾಂಗ್‌ಚಿಲ್ ಚರ್ ಎನ್ನುತ್ತಿದ್ದೆವು, ಕಡಲಹಕ್ಕಿಯ ದಿಬ್ಬ ಎಂದರ್ಥ. ಅದರ ಆಚೆ ಆಳದ ನೀರಲ್ಲಿ ಮೀನು ಹಿಡಿಯುವುದು, ಫೋಟೋ ತೆಗೆಯುವುದು, ಮೀನನ್ನು ನೀರಿಗೆ ಬಿಡುವುದು. ಅದೇ ಆಟ.

ನಾನು ಕೆಲಸ ಕೇಳಲು ಹೋದಾಗ ಬರುಣ್‌ದಾ, "ನಿಮಗೆ ಸಮುದ್ರ ಗೊತ್ತಾ?" ಎಂದರು.

"ತಿಥಿ ಹೇಳಿ, ನೀರು ಹೇಗಿರುತ್ತದೆ ನಾನು ಹೇಳುತ್ತೇನೆ," ಎಂದೆ.

ಅವರು ಗೋಡೆಯ ಪಂಚಾಂಗ ನೋಡಿ, "ಇವತ್ತು ಅಷ್ಟಮಿ," ಎಂದರು.

"ನೀರು ಸೋತಿರುತ್ತದೆ. ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ."

"ಮರಾ ಕೋಟಾಲ್," ಎಂದು ಅವರು ಮೇಜು ತಟ್ಟಿದರು. ಸತ್ತ ನೀರಿಗೆ ಬಂಗಾಳಿಗಳ ಮಾತು ಅದು. ಅಮಾವಾಸ್ಯೆ ಹುಣ್ಣಿಮೆಯ ಉಕ್ಕುವ ನೀರಿಗೆ ಭರಾ ಕೋಟಾಲ್ ಎನ್ನುತ್ತಾರೆ. ಆವತ್ತೇ ಕೆಲಸ ಸಿಕ್ಕಿತು. ವರ್ಷ ತುಂಬುವುದರೊಳಗೆ ಗಿರಾಕಿಗಳು ನನ್ನನ್ನು ಜೋಯಾರ್ ದೀದಿ, ಅಂದರೆ ಉಬ್ಬರದ ಅಕ್ಕ, ಎಂದು ಕರೆಯತೊಡಗಿದ್ದರು. ಆ ಹೆಸರು ಕೇಳಿದಾಗ ನನಗೆ ಆಗುತ್ತಿದ್ದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ಮೊದಲ ವಾರವೇ ನಾನು ಕೇಳಿದ್ದು ಒಂದೇ ಮಾತು: "ನಾನೂ ಒಮ್ಮೆ ದೋಣಿಯಲ್ಲಿ ಹೋಗಬಹುದಾ?"

"ಛಿ ಛಿ, ಹೆಂಗಸರು ದೋಣಿಯಲ್ಲಾ? ಗಿರಾಕಿಗಳು ಏನೆಂದುಕೊಂಡಾರು?" ಎಂದರು ಬರುಣ್‌ದಾ. ಕೆಟ್ಟ ಮನುಷ್ಯರಲ್ಲ ಅವರು. ಕೋಡಿಯಲ್ಲೂ ಅಷ್ಟೇ, ಹೆಂಗಸರು ದಡದಲ್ಲಿ ಕಾದು ಮೀನು ಬುಟ್ಟಿಗೆ ತುಂಬಿಕೊಳ್ಳಬೇಕು, ದೋಣಿ ಹತ್ತುವಂತಿಲ್ಲ. ಅಜ್ಜ ನನಗೆ ಸಮುದ್ರದ ಲೆಕ್ಕವನ್ನೆಲ್ಲ ಹೇಳಿಕೊಟ್ಟಿದ್ದರು, ಸಮುದ್ರಕ್ಕೆ ಮಾತ್ರ ಕರೆದೊಯ್ದಿರಲಿಲ್ಲ. ಹಾಗಾಗಿ ನನಗೆ ಅದು ಹೊಸ ಅವಮಾನವಾಗಿ ಕಾಣಲಿಲ್ಲ. ನುಂಗಿಕೊಂಡೆ. ಆಗ ನನಗೆ ಮೂವತ್ತು ತುಂಬಿತ್ತು.

ಕೆಲಸ ಎಂದರೆ ಏನು ಎಂದು ಹೊಸಬರು ತಿಳಿದಿರಲಿ. ಮೀನು ಹಿಡಿಯುವುದು ನಮ್ಮ ಕೆಲಸವಲ್ಲ. ಹೋದವರು ವಾಪಸು ಬರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಗಾಳಿ ಯಾವ ಕಡೆಯದು, ಅರಣ್ಯ ಇಲಾಖೆಯ ಅನುಮತಿ ಬಂತಾ, ಮೀನುಗಾರಿಕೆ ನಿಷೇಧದ ದಿನಗಳು ಮುಗಿದವಾ, ಮಂಜುಗಡ್ಡೆ ಎಷ್ಟು, ಕುಡಿಯುವ ನೀರು ಎಷ್ಟು, ಯಾರಿಗೆ ಈಜು ಬರುತ್ತದೆ, ಯಾರಿಗೆ ವಾಂತಿ ಬರುತ್ತದೆ. ಎಲ್ಲ ಕೇಳಬೇಕು, ಮತ್ತು ಅವರು ಹೇಳಿದ್ದನ್ನು ನಂಬಬಾರದು. ಶುರುವಿನಲ್ಲಿ ನಾನು ಲೈಫ್ ಜಾಕೆಟ್‌ಗೆಂದು ಎಲ್ಲರ ತೂಕ ಕೇಳುತ್ತಿದ್ದೆ. ಒಬ್ಬ ಮಹಾಶಯರು ಎಪ್ಪತ್ತು ಕಿಲೋ ಎಂದು ಬರೆಸಿದರು. ಘಾಟ್‌ನಲ್ಲಿ ಇಬ್ಬರು ಸೇರಿ ಎಳೆದರೂ ಜಾಕೆಟ್ಟಿನ ಪಟ್ಟಿ ಕೂಡಲಿಲ್ಲ. ಅಂದಿನಿಂದ ತೂಕ ಕೇಳುವುದು ಬಿಟ್ಟು ಅಂಗಿಯ ಅಳತೆ ಕೇಳಲು ಕಲಿತೆ. ತೂಕದಲ್ಲಿ ಸುಳ್ಳು ಹೇಳುವವರು ಅಂಗಿಯ ಅಳತೆಯಲ್ಲಿ ಹೇಳುವುದಿಲ್ಲ.

ಇನ್ನೊಂದು ಎಡವಟ್ಟು ಹೇಳುತ್ತೇನೆ. ಇಲ್ಲಿಯ ಗಾಳದವರಿಗೆ ಒಬ್ಬೊಬ್ಬರಿಗೂ ಅವರದೇ ಚಾರ್ ಇರುತ್ತದೆ. ಮೀನನ್ನು ಕರೆಯಲು ನೀರಿಗೆ ಹಾಕುವ ತಿನಿಸು ಅದು. ಹಿಂಡಿ, ಹುರಿದ ಮೆಂತ್ಯ, ಏಲಕ್ಕಿ, ಹುಳಿ ಬಂದ ಅನ್ನ, ಇನ್ನೂ ಏನೇನೋ. ಹೆಂಡತಿಗೂ ಅದರ ಗುಟ್ಟು ಹೇಳುವುದಿಲ್ಲ. ಒಬ್ಬ ವಕೀಲರು, ಸಮುದ್ರದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ ಎಂದರೂ ಕೇಳದೆ, ಹಿಂದಿನ ದಿನವೇ ಡಬ್ಬಿ ತಂದು ನನ್ನ ಮೇಜಿನ ಕೆಳಗೆ ಇಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಔಷಧಿ ಅಂಗಡಿಯವನು ಮೂಗು ಮುಚ್ಚಿಕೊಂಡು ಮೇಲೆ ಬಂದ. ಯಾರದೋ ಊಟ ಹಳಸಿದೆ ಎಂದುಕೊಂಡು ನಾನು ಅದನ್ನು ಬೀದಿಯ ತೊಟ್ಟಿಗೆ ಸುರಿದೆ. ಮಾರನೆಯ ಬೆಳಿಗ್ಗೆ ವಕೀಲರು ನಮ್ಮ ಮೆಟ್ಟಿಲ ಮೇಲೆ ಕೂತು, ಕೋರ್ಟಿನಲ್ಲಿ ಮಾತಾಡುವ ಆ ಮನುಷ್ಯ, ಒಂದು ಮಾತೂ ಆಡದೆ ಕಣ್ಣು ಒರೆಸಿಕೊಂಡರು. ಬರುಣ್‌ದಾ ನನ್ನ ಕೈಗೆ ಸಂದೇಶ್ ಮಿಠಾಯಿಯ ಪೊಟ್ಟಣ ಕೊಟ್ಟು ಅವರ ಮನೆಗೆ ಕ್ಷಮೆ ಕೇಳಲು ಕಳಿಸಿದರು.

ಇನ್ನು ಘಾಟ್ ಚೀಟಿ. ಕಾರ್ಬನ್ ಹಾಕಿ ಮೂರು ಪ್ರತಿ ಬರೆಯುತ್ತಿದ್ದೆವು. ಒಂದು ದೋಣಿಗೆ, ಒಂದು ಘಾಟ್‌ನ ಚಹಾ ಅಂಗಡಿಗೆ, ಒಂದು ಆಫೀಸಿನ ಫೈಲಿಗೆ. ಯಾರು ಯಾರು ಹೋದರು, ಯಾವ ದಾರಿ, ವಾಪಸು ಎಷ್ಟು ಹೊತ್ತಿಗೆ. ಆ ಹೊತ್ತು ದಾಟಿ ಅರ್ಧ ಗಂಟೆಯಾದರೂ ದೋಣಿ ಕಾಣದಿದ್ದರೆ ಚಹಾ ಅಂಗಡಿಯವನು ಹುಡುಕಲು ಜನ ಕಳಿಸಬೇಕು. ಚೀಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು ನೀರಿನ ಗಂಟೆ. ನಮ್ಮ ಘಾಟ್‌ನ ಅಳಿವೆಯಲ್ಲಿ ಒಂದು ಮರಳ ದಿಬ್ಬ ಇದೆ. ನೀರು ತುಂಬಿದ ಹೊತ್ತಿನಲ್ಲಿ ಮಾತ್ರ ದೋಣಿ ಅದರ ಮೇಲೆ ದಾಟಬಹುದು. ಹೋಗುವಾಗ ಹಿಂದಿನ ಉಬ್ಬರದಲ್ಲಿ ನೀರನ್ನು ಕಣ್ಣಾರೆ ನೋಡಿ ದಾಟಿಸುತ್ತಾರೆ, ವಾಪಸಿನ ಗಂಟೆ ಮಾತ್ರ ಮೊದಲೇ ಬರೆದಿರಬೇಕು. ಭರಾ ಕೋಟಾಲ್ ಇದ್ದರೆ ಏರುವುದೂ ಜೋರು, ಇಳಿಯುವುದೂ ಜೋರು. ಯಾವ ದಿನ ಹೋಗಬೇಕು ಎಂದು ತಿಥಿ ನೋಡಿ ಹೇಳುವವಳು ನಾನು. ಗಂಟೆಯನ್ನು ಮಾತ್ರ ಘಾಟ್‌ನಲ್ಲೇ ಹುಟ್ಟಿ ಬೆಳೆದ, ನಮ್ಮ ದೋಣಿ ನಡೆಸುವ ಮಾಝಿ ಹರಿಪದ ಫೋನಿನಲ್ಲಿ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ದೋಣಿಯ ಜೊತೆ ಹೋಗುವವರು ಕೆಳಗೆ ಒಂದು ಸಹಿ ಹಾಕುತ್ತಿದ್ದರು. ಎಷ್ಟೋ ವರ್ಷ ಹೀಗೆಯೇ ನಡೆಯಿತು.

ಆಮೇಲೆ ಶ್ರಾಬಣಿ ಬಂದಳು. ನ್ಯೂ ಟೌನ್‌ನಲ್ಲಿ ಯಾವುದೋ ಕಂಪ್ಯೂಟರ್ ಆಫೀಸಿನ ಕೆಲಸ ಬಿಟ್ಟು ಬಂದವಳು. ಇಪ್ಪತ್ತನಾಲ್ಕು ವರ್ಷ, ಗಿಡ್ಡ ಕೂದಲು, ಎಲ್ಲದಕ್ಕೂ ನಗು. ಬಂದ ಎರಡನೇ ತಿಂಗಳು ಬರುಣ್‌ದಾ ಪತ್ರಿಕೆಯಿಂದ ಮುಖ ಎತ್ತದೆಯೇ ಹೇಳಿದರು, "ಶ್ರಾಬಣಿ, ಈ ಶನಿವಾರ ನೀನೇ ದೋಣಿಯ ಜೊತೆ ಹೋಗು."

ಛಿ ಛಿ ಇಲ್ಲ, ಗಿರಾಕಿಗಳು ಏನೆಂದುಕೊಂಡಾರು ಇಲ್ಲ, ಏನೂ ಇಲ್ಲ. ನಾನು ಪಕ್ಕದ ಮೇಜಿನಲ್ಲಿ ಚೀಟಿ ಬರೆಯುತ್ತಿದ್ದೆ. ಪೆನ್ನು ಒತ್ತಿದ ರಭಸಕ್ಕೆ ಮೂರು ಪ್ರತಿಯೂ ಹರಿದವು. "ನನಗೆ ಯಾಕೆ ಆಗಲಿಲ್ಲ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವರು, ಕಾಲ ಬದಲಾಯಿತಲ್ಲ ದೀದಿ, ಎನ್ನುತ್ತಾರೆ ಎಂದು ಗೊತ್ತಿತ್ತು. ಕಾಲ ಬದಲಾದದ್ದು ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ಮನೆಯಲ್ಲಿ ನಮ್ಮವರು ಕೇಳಿದರು, "ಎಂತ ಮಾರಾಯ್ತಿ, ಮೋರೆ ಹಿಂಗಿತ್ತ್?"

ಹೇಳಿದೆ.

"ಓಹೋ, ನಿಂಗೆ ಹೊಟ್ಟಿಕಿಚ್ಚ್."

"ಹೌದ್, ಹೊಟ್ಟಿಕಿಚ್ಚೇ. ನಿಮ್ಗೆಂತ?" ಎಂದು ತಟ್ಟೆ ಕುಕ್ಕಿದೆ. ಅವರು ಎದ್ದು ಮಜ್ಜಿಗೆ ತಾವೇ ಬಡಿಸಿಕೊಂಡರು.

ಪ್ರತಿ ಸೋಮವಾರ ಶ್ರಾಬಣಿ ಮೂಗಿನ ತುದಿ ಕಪ್ಪಾಗಿಸಿಕೊಂಡು ಆಫೀಸಿಗೆ ಬರುತ್ತಿದ್ದಳು. ಬೂಟಿನಿಂದ ಚರ್‌ನ ಮರಳು ಉದುರುತ್ತಿತ್ತು. ಗುಡಿಸುವವಳು ಮಧ್ಯಾಹ್ನ ಬರುವಳು. ಅಲ್ಲಿಯವರೆಗೆ ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗುತ್ತಿರಲಿಲ್ಲ. ನಾನೇ ಪೊರಕೆ ತಂದು ಗುಡಿಸುತ್ತಿದ್ದೆ, ಬಾಯೊಳಗೆ ಬೈದುಕೊಳ್ಳುತ್ತ. ಅವಳು ನನಗೆಂದು ಚಿಪ್ಪು ತರುತ್ತಿದ್ದಳು. ಥ್ಯಾಂಕ್ಸ್ ಎಂದು ತೆಗೆದುಕೊಂಡು, ಅವಳು ಅತ್ತ ಹೋದಮೇಲೆ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಫೋನ್ ಎತ್ತಿದರೆ ನನ್ನ ಹಳೆಯ ಗಿರಾಕಿಗಳು, "ದೀದಿ, ಚೆನ್ನಾಗಿದ್ದೀರಾ? ಶ್ರಾಬಣಿ ಇದ್ದಾಳಾ?" ಎನ್ನುತ್ತಿದ್ದರು. ಮೊದಲ ಪ್ರಶ್ನೆಗೆ ಉತ್ತರ ಯಾರಿಗೂ ಬೇಕಿರಲಿಲ್ಲ. ಹರಿಪದ ಸಹ ಗಂಟೆಯನ್ನು ಅವಳಿಗೆ ಹೇಳತೊಡಗಿದ. ಅವಳು ಅದನ್ನು ಉಬ್ಬರ ಇಳಿತದ ಅಚ್ಚು ಪಟ್ಟಿಯ ಜೊತೆ ತಾಳೆ ನೋಡಿ ನನಗೆ ಹೇಳುವಳು, ನಾನು ಗುಮಾಸ್ತೆಯಂತೆ ಬರೆಯುವವಳು. ಆ ಪಟ್ಟಿಯನ್ನು ಅವಳು ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಳು. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಆ ಗಾಜಿನ ಕಡೆ ಬಗ್ಗಲಿಲ್ಲ.

ಆ ಚಳಿಗಾಲ ಡಾಕ್ಟರ್ ಲಾಹಿರಿಯವರ ಫೋನ್ ಬಂತು. ನಾನು ತಯಾರಿ ಮಾಡಿದ ಮೊದಲ ಪ್ರವಾಸ ಅವರದೇ. ಅವರಿಗೆ ಬಾಲ್ಯದಲ್ಲಿ ಕೆರೆಯಲ್ಲಿ ಗಾಳ ಹಾಕಲು ಕಲಿಸಿದ ಶಾಲೆಯ ಮೇಷ್ಟ್ರು ಎಂಬತ್ತರ ಹತ್ತಿರ ಬಂದಿದ್ದರು, ಡಾಕ್ಟರ್ ಅವರನ್ನು ಮಾಸ್ಟರ್‌ಮಶಾಯ್ ಎನ್ನುತ್ತಿದ್ದರು. ಸಮುದ್ರದ ಮೀನು ಗಾಳಕ್ಕೆ ಕಚ್ಚುವುದನ್ನು ಒಮ್ಮೆ ಕೈಯಲ್ಲಿ ತಿಳಿಯಬೇಕು ಎಂದು ಮೇಷ್ಟ್ರ ಆಸೆ.

"ಜೋಯಾರ್ ದೀದಿ, ತಯಾರಿ ನಿಮ್ಮದೇ ಆಗಬೇಕು," ಎಂದರು ಡಾಕ್ಟರ್. ಎದೆ ಉಬ್ಬಿತು. "ಜೊತೆಗೆ ಶ್ರಾಬಣಿಯನ್ನು ಕಳಿಸಿ," ಎಂದರು. ಉಬ್ಬಿದ್ದು ಅಲ್ಲೇ ಇಳಿಯಿತು.

ನನ್ನ ಅಪ್ಪನಿಗೆ ಮಾಡುವಂತೆ ಮಾಡಿದೆ ಆ ತಯಾರಿಯನ್ನು. ದೋಣಿಗೆ ಕೈ ಇರುವ ಕುರ್ಚಿ ಹಾಕಿಸಿ ಹಗ್ಗದಿಂದ ಬಿಗಿಸಿದೆ. ಶುಂಠಿ, ಬಿಸಿನೀರು, ಕಿವಿ ಮುಚ್ಚುವ ಟೋಪಿ, ಅವರ ಮಾತ್ರೆಗಳ ಪಟ್ಟಿ. ಡಾಕ್ಟರಿಗೆ ಬಿಡುವಿದ್ದದ್ದು ಅಮಾವಾಸ್ಯೆಯ ಮಾರನೆಯ ದಿನ ಮಾತ್ರ, ಅಂದರೆ ಭರಾ ಕೋಟಾಲ್. ಇರಲಿ, ಮೀನು ಚೆನ್ನಾಗಿ ಕಚ್ಚುತ್ತದೆ ಎಂದುಕೊಂಡೆ. ಉಳಿದದ್ದು ಗಂಟೆ ಒಂದೇ. ಹರಿಪದನಿಗೆ ಫೋನ್ ಮಾಡಿದೆ. ಅವನಿಗೆ ಜ್ವರ, ಬೇರೊಬ್ಬ ಮಾಝಿಯನ್ನು ಗೊತ್ತು ಮಾಡಿದ್ದ.

"ನೀರು ಎಷ್ಟು ಹೊತ್ತಿಗೆ?" ಎಂದೆ.

"ಅದನ್ನು ಶ್ರಾಬಣಿ ದಿದಿಮಣಿಗೆ ಹೇಳಿದ್ದೇನಲ್ಲ," ಎಂದ.

ಫೋನ್ ಇಟ್ಟೆ. ಅವಳ ಮೇಜಿಗೆ ಹೋಗಿ, ಗಂಟೆ ಎಷ್ಟಮ್ಮಾ, ಎಂದು ಕೇಳಬೇಕೆ? ನಾನು? ಬೆರಳು ಮಡಚಿ ಅಜ್ಜನ ಲೆಕ್ಕ ಹಾಕಿದೆ. "ಅಮಾಸಿ ದಿನ ಸೂರ್ಯ ನೆತ್ತಿಗ್ ಬಂದಾಗ ನೀರ್ ತುಂಬ್ತ್. ಆಮೇಲ್ ದಿನಕ್ ಮುಕ್ಕಾಲ್ ಗಂಟೆ ಮುಂದೆ," ಎನ್ನುತ್ತಿದ್ದರು ಅವರು. ನಮ್ಮ ಕೋಡಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ ಹನ್ನೆರಡೂವರೆಗೆ. ಮಾರನೆಯ ದಿನಕ್ಕೆ ಮುಕ್ಕಾಲು ಗಂಟೆ ಸೇರಿಸಿದರೆ ಒಂದೂಕಾಲು. ಬರೆದೆ. ಒಂದೂಕಾಲಿಗೆ ದಿಬ್ಬ ದಾಟುವುದು, ಎರಡಕ್ಕೆ ಘಾಟ್.

ಸಂಜೆ ಶ್ರಾಬಣಿ ಸಹಿ ಹಾಕಲು ಬಂದಳು. ಚೀಟಿ ನೋಡಿ ನಿಂತಳು.

"ದೀದಿ, ಪಟ್ಟಿಯಲ್ಲಿ ಹನ್ನೊಂದೂ ಮುಕ್ಕಾಲು ಎಂದಿದೆಯಲ್ಲ."

"ನಾನು ಸಮುದ್ರದ ಮಗಳು," ಎಂದೆ. "ನೀನು ಸಮುದ್ರವನ್ನು ಕಾಗದದಲ್ಲಿ ಕಲಿತವಳು. ಬೇಡ ಎಂದರೆ ಹೇಳು, ಚೀಟಿ ಹರಿದು ಹಾಕುತ್ತೇನೆ, ಬರುಣ್‌ದಾಗೆ ನೀನೇ ಉತ್ತರ ಕೊಡು."

ಅವಳು ಪೆನ್ನು ತೆಗೆದುಕೊಂಡಳು. ಸಹಿ ಹಾಕಿದಳು. ಹಿರಿಯಳು ಎಂದು ಇಟ್ಟ ಮರ್ಯಾದೆ ಅದು. ಆ ಹೊತ್ತಿನಲ್ಲಿ ನಾನು ಅದನ್ನು ಗೆಲುವು ಎಂದುಕೊಂಡೆ.

ದೋಣಿಯಲ್ಲಿ ನಡೆದದ್ದನ್ನು ಡಾಕ್ಟರ್ ಆಮೇಲೆ ಹೇಳಿದರು. ಮಾಸ್ಟರ್‌ಮಶಾಯ್ ಅವರ ಗಾಳಕ್ಕೆ ಬೆಳಿಗ್ಗೆಯೇ ಎರಡು ಮೀನು ಕಚ್ಚಿದವು. ಮುದುಕರು ಮಗುವಿನಂತೆ ನಗುತ್ತಿದ್ದರು. ಹತ್ತೂವರೆಗೇ ಶ್ರಾಬಣಿ, ಇನ್ನು ಹೊರಡೋಣ, ಎಂದಳಂತೆ. ಡಾಕ್ಟರ್ ಜೇಬಿನಿಂದ ಚೀಟಿ ತೆಗೆದು, "ಒಂದೂಕಾಲು ಎಂದು ಬರೆದಿದೆ, ಜೋಯಾರ್ ದೀದಿಯ ಚೀಟಿ ಯಾವತ್ತೂ ತಪ್ಪಿಲ್ಲ. ಮಾಸ್ಟರ್‌ಮಶಾಯ್ ಇನ್ನೊಂದು ಗಂಟೆ ಕೂರಲಿ," ಎಂದರಂತೆ. ಮಾಝಿ ಆ ಘಾಟ್‌ಗೆ ಹೊಸಬ, ಅವನೂ ಚೀಟಿಯನ್ನೇ ನಂಬಿದ. ನನ್ನ ಒಳ್ಳೆಯ ಹೆಸರೇ ಅವರನ್ನು ಅಲ್ಲಿ ಕೂರಿಸಿತು.

ಒಂದು ಗಂಟೆಯ ಹೊತ್ತಿಗೆ ಅವರು ದಿಬ್ಬ ಮುಟ್ಟಿದಾಗ ನೀರು ಇಳಿಯಲು ಶುರುವಾಗಿ ಬಹಳ ಹೊತ್ತಾಗಿತ್ತು. ದೋಣಿಯ ತಳ ಮರಳಿಗೆ ಕಚ್ಚಿತು. ಕಣ್ಣೆದುರೇ ನೀರು ಬಸಿದು ಹೋಯಿತು, ದೋಣಿ ಒಂದು ಬದಿಗೆ ವಾಲಿತು. ಕುರ್ಚಿಗೆ ಕಟ್ಟಿದ ಹಗ್ಗ ತಡೆಯಿತು, ಆದರೆ ಮಾಸ್ಟರ್‌ಮಶಾಯ್ ಅವರ ಕೈ ಕುರ್ಚಿಗೂ ಅಂಚಿಗೂ ನಡುವೆ ಸಿಕ್ಕಿ ಮಣಿಕಟ್ಟಿನ ಮೂಳೆ ಮುರಿಯಿತು. ಆ ಜಾಗದಲ್ಲಿ ಫೋನ್ ಹತ್ತುವುದಿಲ್ಲ. ಎರಡೂವರೆಗೆ ಚಹಾ ಅಂಗಡಿಯವನು ಚೀಟಿ ನೋಡಿ ಎರಡು ಡಿಂಗಿ, ಅಂದರೆ ಚಿಕ್ಕ ದೋಣಿ, ಕಳಿಸಿದ. ಕೊನೆಗೆ ಮೊಣಕಾಲು ಮುಳುಗುವ ಕೆಸರಿನಲ್ಲಿ ಮುದುಕರನ್ನು ಬೆನ್ನ ಮೇಲೆ ಹೊತ್ತು ತಂದರು. ಮುರಿದ ಕೈಯನ್ನು ಉದ್ದಕ್ಕೆ ಕೊಯ್ದ ನೀರಿನ ಬಾಟಲಿಗೆ ಕಟ್ಟಿ ನೆಟ್ಟಗೆ ಹಿಡಿದುಕೊಂಡು ಪಕ್ಕದಲ್ಲಿ ನಡೆದವಳು ಶ್ರಾಬಣಿ.

ನಾಲ್ಕೂವರೆಗೆ ನನ್ನ ಮೇಜಿನ ಫೋನ್ ಬಡಿಯಿತು. "ದೀದಿ, ಎಲ್ಲರೂ ದಡದಲ್ಲಿದ್ದೇವೆ. ಮಾಸ್ಟರ್‌ಮಶಾಯ್ ಅವರ ಮಣಿಕಟ್ಟು ಮುರಿದಿದೆ, ಆಸ್ಪತ್ರೆಗೆ ಹೋಗುತ್ತಿದ್ದೇವೆ." ಅಷ್ಟೇ ಹೇಳಿದಳು. ಗಂಟೆಯ ಮಾತು ಎತ್ತಲಿಲ್ಲ. ಫೋನ್ ಇಟ್ಟು ನಾನು ಎರಡು ವರ್ಷದಲ್ಲಿ ಮೊದಲ ಸಲ ಅವಳ ಮೇಜಿನ ಗಾಜಿನ ಮೇಲೆ ಬಗ್ಗಿದೆ. ಹನ್ನೊಂದೂ ಮುಕ್ಕಾಲು, ಕಣ್ಣಿಗೆ ಹೊಡೆಯುವ ಹಾಗೆ.

ಅಜ್ಜ ತಪ್ಪಿದರೇ? ಮಾರನೆಯ ದಿನ ಹನ್ನೊಂದು ಗಂಟೆಗೆ ಬೀದಿಗೆ ಇಳಿದು ದೀಪದ ಕಂಬದ ನೆರಳು ನೋಡುತ್ತ ನಿಂತೆ. ನೆರಳು ಕುಗ್ಗುತ್ತ ಬಂದು, ಹನ್ನೊಂದೂವರೆ ದಾಟಿದೊಡನೆ ಮತ್ತೆ ಉದ್ದವಾಗತೊಡಗಿತು. ಇಲ್ಲಿ ಸೂರ್ಯ ಕೋಡಿಗಿಂತ ಸುಮಾರು ಒಂದು ಗಂಟೆ ಮೊದಲೇ ನೆತ್ತಿಗೆ ಬರುತ್ತಾನೆ. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಒಂದೇ ಹೊತ್ತಿಗೆ ಬರುವುದಿಲ್ಲ. ಮೇಲಾಗಿ ಈ ಕರಾವಳಿಯ ನೀರಿನ ನಡೆಯೂ ಬೇರೆ. ಅಜ್ಜನ ಲೆಕ್ಕ ಕೋಡಿಗೆ ಸರಿ. ನಾನು ಕೋಡಿಯ ಗಡಿಯಾರವನ್ನು ಬಂಗಾಳದ ಸಮುದ್ರಕ್ಕೆ ಕಟ್ಟಿದ್ದೆ. ಇಷ್ಟು ವರ್ಷ ಬೆಳಿಗ್ಗೆ ಐದಕ್ಕೇ ಬೆಳಕಾಗುವ ಊರಲ್ಲಿ ಬಾಳಿದವಳಿಗೆ ಅದು ಹೊಳೆಯಲಿಲ್ಲ. ಪಕ್ಕದ ಮೇಜಿಗೆ ಹೋಗಿ ಒಂದು ಮಾತು ಕೇಳಿದ್ದರೆ ಹೊಳೆಯುವ ಅಗತ್ಯವೂ ಇರಲಿಲ್ಲ.

ಬರುಣ್‌ದಾ ಚೀಟಿ ಹಿಡಿದು ಇಬ್ಬರನ್ನೂ ಎದುರಿಗೆ ನಿಲ್ಲಿಸಿದರು. ಚೀಟಿ ಬರೆಯುವ ಕೈ ನನ್ನದು, ಗಂಟೆ ಹೇಳುವವಳು ಶ್ರಾಬಣಿ. ಎರಡು ವರ್ಷದಿಂದ ಅವರು ಕಂಡದ್ದು ಹಾಗೆ.

"ಸಹಿ ಯಾರದು?" ಎಂದರು.

"ನನ್ನದು," ಎಂದಳು ಶ್ರಾಬಣಿ. ಹೇಳಿ ನನ್ನ ಕಡೆ ನೋಡಿದಳು. ನಾನು ಮಾತಾಡುತ್ತೇನೆ ಎಂದು ಕಾಯುತ್ತಿದ್ದಳು. ನಾನು ಫೈಲಿನ ದಾರ ಬಿಗಿಸುತ್ತಿದ್ದೆ.

ಅವಳ ಸಮುದ್ರ ನಿಂತಿತು. ಇನ್ನು ದೋಣಿ ಹತ್ತುವಂತಿಲ್ಲ, ಮೇಜಿನ ಕೆಲಸ ಮಾತ್ರ ಎಂದರು ಬರುಣ್‌ದಾ. ದೋಣಿಯ ಜೊತೆ ಹೋಗಲು ಗಂಡಸೊಬ್ಬನನ್ನು ಹುಡುಕಿದರು. ಗಿರಾಕಿಗಳ ಫೋನ್ ಮತ್ತೆ ನನಗೆ ಬಂತು. ಒಂದು ವಾರ ನಾನು ಸಂತೋಷವಾಗಿದ್ದೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಮಾಸ್ಟರ್‌ಮಶಾಯ್ ಅವರು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಬೇಕಿದ್ದದ್ದು ಶ್ರಾಬಣಿ. ಅವಳ ತಲೆಯ ಮೇಲೆ ಒಳ್ಳೆಯ ಕೈ ಇಟ್ಟು ಹರಸಿದರು. ನನಗೆ ಆಗಲೂ ಹೊಟ್ಟೆ ಉರಿಯಿತು. ಮಾಡದ ತಪ್ಪು ಹೊತ್ತು ಮೂಲೆಯಲ್ಲಿ ಕೂತವಳ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ನಾನು.

ಮನೆಯಲ್ಲಿ ನಮ್ಮವರಿಗೆ ಮಾತ್ರ ನಿಜ ಹೇಳಿದ್ದೆ. "ಹೇಳ್ದೆ ಇಪ್ಪುಕಾತ್ತಾ? ಹೋಯ್ ಹೇಳ್," ಎಂದರು. ನಾಳೆ ಎಂದೆ. ಆ ನಾಳೆ ಎರಡು ಚಳಿಗಾಲ ಬರಲಿಲ್ಲ. ಸೋಮವಾರಗಳಲ್ಲಿ ಆಫೀಸಿನ ನೆಲ ಚೊಕ್ಕಟವಾಗಿರುತ್ತಿತ್ತು, ಪೊರಕೆ ಹಿಡಿಯುವ ಕೆಲಸವಿರಲಿಲ್ಲ. ಶ್ರಾಬಣಿ ಎಂದಿನಂತೆ ದೀದಿ ಎನ್ನುತ್ತಿದ್ದಳು. ನಗು ಮಾತ್ರ ಕಡಿಮೆಯಾಗಿತ್ತು.

ನನ್ನ ಕೊನೆಯ ದಿನ ಬಂತು. ಬರುಣ್‌ದಾಗೆ ಮೊಣಕಾಲು ನೋವು, ವಯಸ್ಸು. ಎಲ್ಲರ ಕೈಗೂ ಸಿಹಿತಿಂಡಿಯ ತಟ್ಟೆ ಕೊಟ್ಟು ಅವರು ಮಾತಿಗೆ ನಿಂತರು. "ಇವರ ಕೈಯ ಗಂಟೆ ಒಮ್ಮೆಯೂ ತಪ್ಪಿಲ್ಲ. ಇವರು ಹೋದಮೇಲೆ ಸಮುದ್ರದ ಪ್ರವಾಸ ನಾನು ನಡೆಸಲಾರೆ. ದೋಣಿಗೆ ಕೊಳ್ಳುವವರು ಸಿಕ್ಕಿದ್ದಾರೆ. ಇನ್ನು ಕೆರೆಗಳ ಪ್ರವಾಸವಷ್ಟೇ ಸಾಕು. ಶ್ರಾಬಣಿ ಒಳ್ಳೆಯವಳೇ, ಅದನ್ನು ನೋಡಿಕೊಳ್ಳಲಿ. ಆದರೆ ಸಮುದ್ರದ ವಿಷಯದಲ್ಲಿ ಒಮ್ಮೆ ತಪ್ಪಿದವಳನ್ನು ಹೇಗೆ ನಂಬಲಿ?"

ಶ್ರಾಬಣಿ ಲೋಟಗಳಿಗೆ ನೀರು ಹಾಕುತ್ತಿದ್ದಳು. ಜಗ್ಗನ್ನು ಮೆಲ್ಲಗೆ ಕೆಳಗಿಟ್ಟಳು. ತಲೆ ಎತ್ತಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಈ ಸಲ ಅವಳು ಕಾಯುತ್ತಲೂ ಇರಲಿಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಬರುಣ್‌ದಾ," ಎಂದೆ, "ಆ ಗಂಟೆ ನನ್ನದು. ಅವಳು ಹನ್ನೊಂದೂ ಮುಕ್ಕಾಲು ಎಂದಳು. ನಾನು ಕೇಳಲಿಲ್ಲ. ಹೆದರಿಸಿ ಸಹಿ ಹಾಕಿಸಿದೆ."

ಅವರು ಕುರ್ಚಿ ಹುಡುಕಿ ಕೂತರು. "ಯಾಕೆ?"

"ಹೊಟ್ಟೆಕಿಚ್ಚು. ನೀವು ನನ್ನನ್ನು ಛಿ ಛಿ ಎಂದಿರಿ. ಅವಳನ್ನು ಹೋಗು ಎಂದಿರಿ."

ಅವರಿಗೆ ಆ ಛಿ ಛಿ ನೆನಪೇ ಇರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. ಶ್ರಾಬಣಿ ಈಗ ನನ್ನ ಎದುರಿಗೆ ಬಂದು ನಿಂತಳು. ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ, ಅಂಥ ಹುಡುಗಿ ಎಂದು.

"ಎರಡು ಚಳಿಗಾಲ, ದೀದಿ," ಎಂದಳು. "ಎರಡು ಚಳಿಗಾಲ ನನ್ನಿಂದ ಸಮುದ್ರ ಕಿತ್ತುಕೊಂಡಿರಿ."

ಆ ಸಮುದ್ರವನ್ನು ನಾನು ಇಪ್ಪತ್ತಾರು ವರ್ಷ ನೋಡಿಲ್ಲ ಎಂಬ ಮಾತು ಬಾಯಿಗೆ ಬಂತು. ಅದನ್ನು ನನ್ನಿಂದ ಕಿತ್ತುಕೊಂಡವಳು ಅವಳಲ್ಲ ಎಂದು ಆವತ್ತು ಮೊದಲ ಸಲ ತಿಳಿಯಿತು. ತಲೆ ತಗ್ಗಿಸಿ ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ.

ದೋಣಿ ಮಾರಲಿಲ್ಲ. ಬರುಣ್‌ದಾ ಸಮುದ್ರದ ಕೆಲಸವನ್ನೆಲ್ಲ ಶ್ರಾಬಣಿಗೆ ಒಪ್ಪಿಸಿದರು. ಅವಳು ಎಂಟು ತಿಂಗಳು ನನಗೆ ಫೋನ್ ಮಾಡಲಿಲ್ಲ, ನಾನೂ ಮುಖ ತೋರಿಸಲಿಲ್ಲ. ಕಳೆದ ಚಳಿಗಾಲ ಒಂದು ಲಕೋಟೆ ಬಂತು. ಒಳಗೆ ಹೊಸದಾಗಿ ಅಚ್ಚು ಹಾಕಿಸಿದ ಘಾಟ್ ಚೀಟಿ. ಪ್ರಯಾಣಿಕರ ಪಟ್ಟಿಯಲ್ಲಿ ನನ್ನ ಹೆಸರು, ಅಂಗಿಯ ಅಳತೆ ಸಮೇತ. ಕೆಳಗೆ ಸಹಿಗೆ ಎರಡು ಜಾಗ: ಗಂಟೆ ಬರೆದವರು, ದೋಣಿಯೊಂದಿಗೆ ಹೋಗುವವರು. ನೀರಿನ ಗಂಟೆಯ ಜಾಗ ಖಾಲಿ.

ಚೀಟಿ ಹಿಡಿದು ಆಫೀಸಿಗೆ ಹೋದೆ.

"ಗಂಟೆ ಬರೆದಿಲ್ಲವಲ್ಲ," ಎಂದೆ.

"ನೀವು ಬರೆಯಿರಿ. ನೀವು ಸಮುದ್ರದ ಮಗಳು," ಎಂದಳು. ನಗಲಿಲ್ಲ.

ಅವಳ ಮೇಜಿಗೆ ಹೋಗಿ, ಎಲ್ಲರೂ ನೋಡುತ್ತಿರುವಾಗ, ಗಾಜಿನ ಮೇಲೆ ಬಗ್ಗಿ ಪಟ್ಟಿ ನೋಡಿದೆ. ನೋಡಿದ್ದು ಸಾಲದೆ, "ಹರಿಪದ ಏನೆಂದ?" ಎಂದು ಅವಳನ್ನು ಕೇಳಿದೆ. ಅವಳು ಹೇಳಿದಳು. ಎರಡೂ ಕೂಡಿದವು. ಬರೆದು ಮೊದಲ ಜಾಗದಲ್ಲಿ ಸಹಿ ಹಾಕಿದೆ. ಅವಳು ಎರಡನೆಯದರಲ್ಲಿ ಹಾಕಿದಳು. ಎರಡು ಸಹಿ ಯಾಕೆ ಎಂದು ಕೇಳುವವರಿಗೆ ಉತ್ತರ ಇಷ್ಟೇ.

ಐವತ್ತೇಳನೇ ವಯಸ್ಸಿನಲ್ಲಿ ನಾನು ಮೊದಲ ಸಲ ದೋಣಿ ಹತ್ತಿದೆ. ಎರಡು ಸಲ ವಾಂತಿ ಮಾಡಿಕೊಂಡೆ, ಮೀನು ಒಂದೂ ಸಿಗಲಿಲ್ಲ. ಗಾಂಗ್‌ಚಿಲ್ ಚರ್‌ನ ಮರಳಿನಲ್ಲಿ ಕಾಲು ಹೂತುಕೊಂಡು ನಿಂತಾಗ ಶ್ರಾಬಣಿ ನಿಮ್ಮಜ್ಜನ ಲೆಕ್ಕ ಏನು ಎಂದು ಕೇಳಿದಳು. ಹೇಳಿಕೊಟ್ಟೆ. ಈ ಘಾಟ್‌ನ ಅಮಾವಾಸ್ಯೆಯ ಗಂಟೆಯಿಂದ ಎಣಿಸಿದರೆ ಆ ಲೆಕ್ಕ ಇಲ್ಲೂ ಹೆಚ್ಚುಕಡಿಮೆ ಸರಿ ಬರುತ್ತದೆ, ಫೋನ್ ಹತ್ತದ ಜಾಗದಲ್ಲಿ ಕೆಲಸಕ್ಕೆ ಬರುತ್ತದೆ. ವಾಪಸು ಬರುವಾಗ ಅವಳು ದೋಣಿಯ ಮೂತಿಯಲ್ಲಿ ಕಂಬ ಹಿಡಿಯದೆ ನಿಂತಿದ್ದಳು. ನಾನು ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕೂತಿದ್ದೆ. ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅದು ಹೋಗುವಂಥದ್ದಲ್ಲ. ಹರಿಪದ ದಿಬ್ಬ ದಾಟಿಸಿದಾಗ ತಳಕ್ಕೆ ಏನೂ ತಾಕಲಿಲ್ಲ.

ಸಂಜೆ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಕಳಚಿದೆ. ಎರಡು ಹಿಡಿಯಷ್ಟು ಮರಳು ನೆಲಕ್ಕೆ ಉದುರಿತು. ನಮ್ಮವರು ಪೊರಕೆ ತಂದರು.

"ಮುಟ್ಬೇಡಿ," ಎಂದೆ. "ಎರಡ್ ದಿನ ಅಲ್ಲೇ ಇರ್ಲಿ."